ಹಾವು ಹೋದ ಮೇಲಿನ ಉರಿ

ಮಾರ್ಚ್ 10, ಸೋಮವಾರ

ಆ ಡಾಕ್ಟರು ನನ್ನ ಅಂಗಿ ಎತ್ತಿ ಕೂಡ ನೋಡಲಿಲ್ಲ. ಅದನ್ನು ಮೊದಲು ಬರೆದಿಡುತ್ತೇನೆ, ಉಳಿದದ್ದು ಆಮೇಲೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಧ್ಯಾಹ್ನವೆಲ್ಲ ಕಾಯಿಸಿದರು. ಸರದಿ ಬಂದಾಗ, ಎಡಗಡೆ ಬೆನ್ನಿನಿಂದ ಶುರುವಾಗಿ ಎದೆಯ ಕೆಳಗಿನವರೆಗೆ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದ ಹಾಗಿದೆ ಎಂದೆ. ಅವನು ಕಂಪ್ಯೂಟರಿನಿಂದ ಕಣ್ಣೆತ್ತದೆ ಏನು ಕೆಲಸ ಎಂದು ಕೇಳಿದ. ಟ್ರಾಲಿಬಸ್ ಓಡಿಸುತ್ತೇನೆ ಎಂದೆ. ಅವನಿಗೆ ಅಷ್ಟು ಸಾಕಾಯಿತು. ಐವತ್ತೆಂಟರ ಹೆಂಗಸು, ದೊಡ್ಡ ಸ್ಟೇರಿಂಗು, ಸ್ನಾಯು ಎಳೆದಿದೆ. ಇಂಜೆಕ್ಷನ್ ಚುಚ್ಚಿಸಿ, ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ ಎಂದು ಕಳಿಸಿದ. ಶಾಖವಂತೆ. ಉರಿಯುತ್ತಿದೆ ಎಂದವಳಿಗೆ ಶಾಖ.

ಸ್ನಾಯುವೇ ಇರಬೇಕು ಎಂದು ನನಗೂ ಮೊದಲು ಅನಿಸಿತ್ತು. ಶನಿವಾರ ಕೊಲೋನ್ ರಸ್ತೆಯ ತಿರುವಿನಲ್ಲಿ ಬಸ್ಸಿನ ತಲೆಯ ಮೇಲಿನ ಕಂಬಿಗಳು ಕರೆಂಟಿನ ತಂತಿಯಿಂದ ಕಳಚಿಕೊಂಡವು. ಇಳಿದು, ಹಿಂಬದಿಯ ಹಗ್ಗ ಜಗ್ಗಿ, ಮತ್ತೆ ತಂತಿಗೆ ಸಿಕ್ಕಿಸಿದೆ. ಬಿಸಿಲು ನೆತ್ತಿಯ ಮೇಲಿತ್ತು, ಹಿಂದೆ ಕಾರುಗಳು ಹಾರನ್ನು ಬಾರಿಸುತ್ತಿದ್ದವು, ಒಳಗಿದ್ದ ಪ್ರಯಾಣಿಕರು ನಾನೇ ಬೇಕೆಂದು ಕಳಚಿದೆನೇನೋ ಎಂಬಂತೆ ನೋಡುತ್ತಿದ್ದರು. ಈ ಕೆಲಸವನ್ನು ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ. ಸ್ನಾಯು ಎಳೆದರೆ ಹೇಗಿರುತ್ತದೆಂದು ನನಗೆ ಗೊತ್ತು. ಇದು ಅದಲ್ಲ.

ಡ್ರೈವರುಗಳ ಸಂಘದವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಯಾರ ಮೇಲಾದರೂ ಕೂಗಾಡಬೇಕು. ಮನೆಯಲ್ಲಿ ಕೂಗಾಡಿದರೆ ಮುದುಕಿ ಟಿವಿಯ ಸದ್ದು ಏರಿಸುತ್ತಾಳೆ. ರುಬೆನ್ ಸತ್ತು ನಾಲ್ಕು ವರ್ಷವಾಯಿತು. ಗಂಡ ಹೋದ, ಗಂಡನ ತಾಯಿ ಉಳಿದಳು. ಮನೆ ಅವಳದು, ಅಡಿಗೆ ನನ್ನದು. ಇಬ್ಬರಿಗೂ ಹೋಗಲು ಬೇರೆ ಜಾಗವಿಲ್ಲ.

ಮಾರ್ಚ್ 12, ಬುಧವಾರ

ಹೊದಿಕೆ ತಾಗಿದರೆ ಉರಿ. ಫ್ಯಾನಿನ ಗಾಳಿ ತಾಗಿದರೂ ಉರಿ. ನಿನ್ನೆ ಸೀಟಿನ ಬೆಲ್ಟು ಹಾಕಿಕೊಂಡಾಗ ಕಣ್ಣಲ್ಲಿ ನೀರು ಬಂತು. ಇವತ್ತು ರಜೆ ಹೇಳಿದೆ. ನಮ್ಮ ಮೇಲ್ವಿಚಾರಕ ಓಲ್ಮೋಸ್ ಫೋನಿನಲ್ಲಿ, ಆಯಿತು, ಆದರೆ ಸೋಮವಾರ ಬಂದೇ ಬರಬೇಕು ಎಂದ. ಡಿಪೋದಲ್ಲಿ ಅವನಿಗೆ ನಾವಿಟ್ಟ ಹೆಸರು ಭಾನುವಾರ. ಅವನು ಕೆಲಸ ಮಾಡಿದ್ದನ್ನು ಈವರೆಗೆ ಯಾರೂ ಕಂಡಿಲ್ಲ.

ಮುದುಕಿ ಬಾಗಿಲಲ್ಲಿ ನಿಂತು, ನೋವು ಎರಡೂ ಕಡೆಯಾ ಒಂದೇ ಕಡೆಯಾ ಎಂದು ಕೇಳಿದಳು. ಒಂದೇ ಕಡೆ ಎಂದೆ. ಹ್ಞೂಂ ಎಂದು ಹೊರಟುಹೋದಳು. ಒಂದು ಲೋಟ ನೀರು ಬೇಕೇ ಎಂದು ಕೇಳಲು ಬಾಯಿ ಬರಲಿಲ್ಲ.

ಮಾರ್ಚ್ 13, ಗುರುವಾರ

ಬೆಳಗ್ಗೆ ಕನ್ನಡಿಯಲ್ಲಿ ನೋಡಿದರೆ ಕೆಂಪು ಪಟ್ಟಿ, ಅದರ ಮೇಲೆ ಗುಂಪುಗುಂಪಾಗಿ ನೀರುಗುಳ್ಳೆ. ಬೆನ್ನುಮೂಳೆಯ ಹತ್ತಿರ ಹುಟ್ಟಿ ಪಕ್ಕೆ ಬಳಸಿ ಮುಂದಕ್ಕೆ ಬಂದಿದೆ. ಮುದುಕಿ ಕರೆಯದೆಯೇ ಬಂದು ನೋಡಿದಳು.

"ಸರ್ಪಸುತ್ತು. ನಿನ್ನೇನೇ ಅಂದ್ಕೊಂಡೆ."

ಅಂದುಕೊಂಡವಳು ನಿನ್ನೆಯೇ ಬಾಯಿ ಬಿಡಬಾರದಿತ್ತೇ? ಕೇಳಿದರೆ, ಗುಳ್ಳೆ ಏಳುವ ಮುಂಚೆ ಹೇಳಿದ್ದರೆ ನೀನು ನಂಬುತ್ತಿದ್ದೆಯಾ ಎಂದಳು. ನಂಬುತ್ತಿರಲಿಲ್ಲ. ಆದರೆ ಮಾತು ಅದಲ್ಲ.

ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅಡಿಗೆಮನೆಯಲ್ಲಿ ಹಿಂದಿನ ಬೀದಿಯ ರಮೋನಾ ಕೂತು, ಕೊಳವೆಯಲ್ಲಿ ಮಾತೆ ಸೊಪ್ಪಿನ ಕಹಿ ಚಹಾ ಹೀರುತ್ತಿದ್ದಳು. ಸರ್ಪಸುತ್ತಿಗೆ ಮಂತ್ರಿಸುವವಳು. ಸಣ್ಣ ಕುಂಚ, ಕಪ್ಪು ಶಾಯಿಯ ಬುಡ್ಡಿ ಮೇಜಿನ ಮೇಲೆ ತಯಾರಾಗಿದ್ದವು. ಹಾವಿನ ತಲೆ ಬಾಲ ಒಂದಕ್ಕೊಂದು ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲವಂತೆ. ಅವೆರಡರ ನಡುವೆ ದೇವರ ಹೆಸರು ಬರೆದು ದಾರಿ ಕಟ್ಟಬೇಕಂತೆ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂದೆ.

"ನಿನ್ನ ನಂಬಿಕೆ ಯಾರ್ ಕೇಳಿದ್ರು? ಅಂಗಿ ಎತ್ತು," ಎಂದಳು ರಮೋನಾ.

ಎತ್ತಿದೆ. ಯಾಕೆ ಎತ್ತಿದೆನೋ ಗೊತ್ತಿಲ್ಲ. ನಾಲ್ಕು ದಿನದಲ್ಲಿ ನನ್ನ ಅಂಗಿ ಎತ್ತಲು ಹೇಳಿದವಳು ಅವಳೊಬ್ಬಳೇ ಎಂದೋ ಏನೋ. ಶಾಯಿ ತಾಗಿದಾಗ ಒಂದು ಕ್ಷಣ ತಂಪೆನಿಸಿದ್ದು ನಿಜ. ಅದಕ್ಕೂ ಸಿಟ್ಟು ಬಂತು.

ಮಾರ್ಚ್ 14, ಶುಕ್ರವಾರ

ನೊಯೆಮಿ ಬಂದು ಎಳೆದುಕೊಂಡು ಹೋದಳು. ನನ್ನ ಜೊತೆಗೇ ಕೆಲಸಕ್ಕೆ ಸೇರಿದವಳು, ಈಗ ಸಂಘದ ಪ್ರತಿನಿಧಿ. ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಸಬೀನಾ ಎಂಬ ಹೊಸ ಡಾಕ್ಟರಿದ್ದಾಳೆ. ನನ್ನ ಮಗಳಾಗುವ ವಯಸ್ಸು, ಮಾತು ಮಾತ್ರ ಹೆಡ್‌ಮಾಸ್ಟರದು. ಅಂಗಿ ಎತ್ತಿದ ಕೂಡಲೇ, "ಇದೇನ್ರೀ ಇದು, ಗೋಡೆ ಬರಹನಾ?" ಎಂದಳು.

ಶಾಯಿಯನ್ನು ಒರೆಸಿ ತೆಗೆಯುವಾಗ ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ಬೈದಳು. ಶಾಯಿಯಿಂದ ಗುಳ್ಳೆ ಕೀವಾಗಬಹುದು, ಮೇಲಾಗಿ ಕೆಳಗೇನಿದೆ ಎಂದು ಕಾಣುವುದೇ ಇಲ್ಲ. ನನಗೂ ಬೈಯುವ ಆಸೆಯಿತ್ತು, ಆದರೆ ಉಸಿರಿರಲಿಲ್ಲ.

ಅವಳು ಹೇಳಿದ್ದು ಹೀಗೆ. ಹಾವೂ ಇಲ್ಲ, ತಲೆ ಬಾಲವೂ ಇಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿರುತ್ತದಲ್ಲ, ಅದು ವಾಸಿಯಾದ ಮೇಲೂ ಆ ವೈರಸ್ಸು ಮೈ ಬಿಟ್ಟು ಹೋಗುವುದಿಲ್ಲ. ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾಗಿ ಮೈ ದಣಿದಾಗ ಎದ್ದು ಆ ಒಂದು ನರದ ದಾರಿ ಹಿಡಿದು ಹೊರಗೆ ಬರುತ್ತದೆ. ನರ ಬೆನ್ನಿನಿಂದ ಎದೆಯ ನಡುವಿನವರೆಗೆ ಮಾತ್ರ ಬರುತ್ತದೆ, ಆದ್ದರಿಂದ ಗುಳ್ಳೆಯೂ ಅಲ್ಲಿಗೇ ನಿಲ್ಲುತ್ತದೆ. ಯಾವ ಮಂತ್ರವೂ ಅದನ್ನು ನಿಲ್ಲಿಸಬೇಕಾಗಿಲ್ಲ. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಾನು ಸಮಯಕ್ಕೆ ಬಂದಿದ್ದೇನೆ. ಸೋಮವಾರವೇ ನೋವಿನ ಜಾಡು ಹಿಡಿದು, ಗುಳ್ಳೆ ಎದ್ದರೆ ಕೂಡಲೇ ಬನ್ನಿ ಎಂದು ಆ ಡಾಕ್ಟರು ಒಂದು ಮಾತು ಹೇಳಿದ್ದರೆ ಶಾಯಿಯ ನಾಟಕವೇ ಇರುತ್ತಿರಲಿಲ್ಲ.

ಗುಳ್ಳೆಗಳನ್ನು ಒಡೆಯಬಾರದು, ಶುದ್ಧ ಬಟ್ಟೆಯಿಂದ ಮುಚ್ಚಿರಬೇಕು, ಒಣಗಿ ಹೊಪ್ಪಳೆ ಕಟ್ಟುವ ತನಕ ಬಸುರಿಯರ ಹತ್ತಿರ, ಕೂಸುಗಳ ಹತ್ತಿರ ಹೋಗಬಾರದು. ಸೀತಾಳೆ ಸಿಡುಬು ಆಗದವರಿಗೆ ನನ್ನಿಂದ ಅದು ಅಂಟಬಹುದು. ನೋವು ಕೆಲವರಲ್ಲಿ ಗುಳ್ಳೆ ಹೋದಮೇಲೂ ಉಳಿಯುತ್ತದೆ. ಈ ಕೊನೆಯ ಮಾತನ್ನು ಅವಳು ಬೇಗ ಹೇಳಿ ಮುಗಿಸಿದಳು.

ಮನೆಯಲ್ಲಿ ಯಾರಿದ್ದಾರೆ, ಅವರಿಗೆ ಸಿಡುಬು ಆಗಿತ್ತೇ ಎಂದು ಕೇಳಿದ್ದಳು. ಬಂದು ಮುದುಕಿಯನ್ನು ವಿಚಾರಿಸಿದೆ. ಸಿಡುಬೂ ಆಗಿತ್ತು, ಈ ಹಾವೂ ಬಂದಿತ್ತು ಎಂದಳು. ಯಾರಿಗೆ ಏನು ಬಂದರೂ ಅದು ಅವಳಿಗೆ ಮೊದಲೇ ಬಂದಿರುತ್ತದೆ. ಕಾಯಿಲೆಯಲ್ಲೂ ಅವಳು ಹಿಂದೆ ಬೀಳುವವಳಲ್ಲ.

ಮಾರ್ಚ್ 16, ಭಾನುವಾರ

ಬರೆಯಲಾರೆ. ಇಸ್ತ್ರಿಪೆಟ್ಟಿಗೆ ಅಲ್ಲ ಇದು. ಕರೆಂಟು.

ಮಾರ್ಚ್ 20, ಗುರುವಾರ

ಕಂಪನಿಯವರು ಗುತ್ತಿಗೆಗೆ ಹಿಡಿದ ತಪಾಸಣೆ ಡಾಕ್ಟರು ಮನೆಗೆ ಬಂದ. ಕಾಯಿಲೆ ಎಂದು ರಜೆ ಹಾಕಿದವರು ನಿಜಕ್ಕೂ ಕಾಯಿಲೆಯಲ್ಲಿದ್ದಾರೋ ಇಲ್ಲವೋ ಎಂದು ನೋಡಲು ಬರುವವನು. ನಾನು ಅಂಗಳದಲ್ಲಿ ರುಬೆನ್‌ನ ಹಳೆಯ ಫುಟ್‌ಬಾಲ್ ಅಂಗಿ ಹಾಕಿಕೊಂಡು ನಿಂತಿದ್ದೆ. ಬಟ್ಟೆ ತಾಗದಿರಲಿ ಎಂದು ಎಡಗಡೆ ಪೂರ್ತಿ ಕತ್ತರಿಸಿ ಹಾಕಿದ್ದೆ. ಅವನು ಬೀದಿ ಬಾಗಿಲಿನ ಹೊಸಿಲು ದಾಟಲಿಲ್ಲ. ಅಲ್ಲಿಂದಲೇ ಕತ್ತು ಚಾಚಿ, ನಿಂತುಕೊಳ್ಳುತ್ತೀರಿ, ಓಡಾಡುತ್ತೀರಿ, ಅಲ್ಲವೇ ಎಂದ. ನನಗೆ ನಾಲಿಗೆ ಹೊರಳುವ ಮುಂಚೆ ಒಳಗಿನಿಂದ ನಮ್ಮ ಮುದುಕಿ ಹಸಿಂತಾ ಬಂದಳು.

"ಒಳಗ್ ಬನ್ನಿ ಡಾಕ್ಟ್ರೇ, ಕಚ್ಚಲ್ಲ. ಹಾವಿಗೂ ಹಲ್ಲಿಲ್ಲ, ನನಗೂ ಇಲ್ಲ."

ಬರಲಿಲ್ಲ. ಏನೋ ಬರೆದುಕೊಂಡು ಹೋದ. ಅವನು ಬರೆದದ್ದು, ರೋಗಿ ಎದ್ದು ಓಡಾಡುತ್ತಿದ್ದಾರೆ, ಅಂತ. ನೊಯೆಮಿ ಸಂಜೆ ಫೋನು ಮಾಡಿ ತಿಳಿಸಿದಳು. ಹಾಗಾದರೆ ನಾನೇನು ಮಲಗಬೇಕಿತ್ತೇ? ಯಾವ ಮಗ್ಗುಲಿಗೆ? ಬಂದು ಹೇಳಿಕೊಡಲಿ ಅವನು.

ಹಸಿಂತಾ ಆಡಿದ ಮಾತು ಚೆನ್ನಾಗಿತ್ತು. ಒಪ್ಪಿಕೊಳ್ಳಬೇಕು. ನಕ್ಕರೆ ಪಕ್ಕೆ ಹರಿಯುತ್ತದೆ, ಆದರೂ ನಕ್ಕೆ.

ಮಾರ್ಚ್ 28, ಶುಕ್ರವಾರ

ಹೊಪ್ಪಳೆಗಳು ಉದುರುತ್ತಿವೆ. ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ. ಎಲ್ಲರಿಗೂ ಸಂತೋಷ. ಓಲ್ಮೋಸ್‌ಗೆ ಸಂತೋಷ, ಎದುರುಮನೆಯವಳಿಗೆ ಸಂತೋಷ, ಇನ್ನು ಅವಳು ಮೊಮ್ಮಗುವನ್ನು ಎತ್ತಿಕೊಂಡು ನಮ್ಮ ಕಡೆಯ ಕಾಲುದಾರಿಯಲ್ಲೇ ಓಡಾಡಬಹುದು. ಮಂಗಳವಾರದಿಂದ ಕೆಲಸಕ್ಕೆ ಬರಬೇಕಂತೆ, ಡಿಪೋದಿಂದ ಫೋನು. ನೋವು ಹಾಗೇ ಇದೆ ಎಂದೆ. ಗಾಯವೇ ಇಲ್ಲವಲ್ಲ ಎಂದರು. ಚರ್ಮ ನೋಡಿ ನೋವನ್ನು ಅಳೆಯುವವರು ಇವರು.

ಏಪ್ರಿಲ್ 1, ಮಂಗಳವಾರ

ಬೆಲ್ಟಿನ ಕೆಳಗೆ ಟವೆಲ್ ಇಟ್ಟುಕೊಂಡು ಹೊರಟೆ. ಬ್ರೇಕು ಹಾಕಿದಾಗಲೆಲ್ಲ ಬೆಲ್ಟು ಬಿಗಿಯುತ್ತಿತ್ತು. ಈ ಊರಿನಲ್ಲಿ ಸಿಗ್ನಲ್ಲುಗಳಿಗೆ ಬರವಿಲ್ಲ. ಒಂದು ನಿಲ್ದಾಣದಲ್ಲಿ ಬಾಗಿಲು ತೆರೆದೆ, ಜನ ಹತ್ತಿದರು, ಬಾಗಿಲು ಮುಚ್ಚಿದೆ. ಆಮೇಲೆ ನನ್ನ ಕಾಲು ಪೆಡಲನ್ನು ಒತ್ತಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ. ಹೊರಟರೆ ಮತ್ತೆ ನಿಲ್ಲಿಸಬೇಕಲ್ಲ, ನಿಲ್ಲಿಸಿದರೆ ಬೆಲ್ಟು ಬಿಗಿಯುತ್ತದಲ್ಲ, ಅಷ್ಟೇ ತಲೆಯಲ್ಲಿದ್ದದ್ದು.

"ಏನಮ್ಮಾ, ಕರೆಂಟ್ ಹೋಯ್ತಾ?" ಎಂದ ಒಬ್ಬ ಹಿಂದಿನಿಂದ. ಎಲ್ಲರೂ ನಕ್ಕರು.

"ನಂದು ಹೋಯ್ತು," ಎಂದೆ. ಮತ್ತೂ ನಕ್ಕರು.

ಹಿಂದಿನ ಬಸ್ಸಿನಲ್ಲಿ ನೊಯೆಮಿ ಇದ್ದಳು. ಅವಳೇ ಬಂದು ಬೆಲ್ಟು ಬಿಚ್ಚಿ ನನ್ನನ್ನು ಇಳಿಸಿದಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ನಾನು ಬಸ್ಸನ್ನು ರಸ್ತೆಯಲ್ಲಿ ಬಿಟ್ಟು ಇಳಿದವಳಲ್ಲ. ಇದನ್ನು ಇಲ್ಲಿ ಬರೆಯಲೂ ನಾಚಿಕೆ, ನಾಚಿಕೆಪಡಬೇಕಾದವಳು ನಾನಲ್ಲವಾದರೂ.

ಏಪ್ರಿಲ್ 9, ಬುಧವಾರ

ಓಲ್ಮೋಸ್ ಕಚೇರಿಗೆ ಕರೆಸಿದ್ದ. ಕುರ್ಚಿ ಕೊಟ್ಟ, ಕಾಫಿ ತರಿಸಿದ. ಅಷ್ಟರಲ್ಲೇ ಏನೋ ಕೆಟ್ಟದ್ದಿದೆ ಎಂದು ತಿಳಿಯಿತು. ವಯಸ್ಸು, ಒಂಟಿತನ, ಗಂಡ ತೀರಿಕೊಂಡಿದ್ದು, ಇದೆಲ್ಲ ಸೇರಿ ಹೆಂಗಸರಿಗೆ ನರಗಳ ತೊಂದರೆ ಆಗುತ್ತದಂತೆ. ಅವನ ಅತ್ತಿಗೆಗೂ ಆಗಿತ್ತಂತೆ. ಹೌದಪ್ಪಾ, ನರದ ತೊಂದರೆಯೇ, ಆದರೆ ನೀನು ಹೇಳುವ ನರವಲ್ಲ ಎಂದೆ. ಅರ್ಥವಾಗಲಿಲ್ಲ ಅವನಿಗೆ. ಪ್ರಕರಣ ವೈದ್ಯಮಂಡಳಿಗೆ ಹೋಗುತ್ತದಂತೆ. ನಾನು ಡ್ರೈವರಾಗಿ ಉಳಿಯಬೇಕೋ ಬೇಡವೋ ಎಂದು ಅವರು ತೀರ್ಮಾನಿಸುತ್ತಾರೆ.

ನನ್ನನ್ನು ನಂಬುವುದಕ್ಕೆ ಮಂಡಳಿ ಬೇಕು. ಓಲ್ಮೋಸ್‌ಗೆ ಬೆನ್ನುನೋವು ಎಂದಾಗ ಯಾವ ಮಂಡಳಿ ಕೂತಿತ್ತು?

ಸಬೀನಾ ನರದ ನೋವಿಗೇ ಎಂದು ಬೇರೆ ಮಾತ್ರೆ ಶುರುಮಾಡಿದ್ದಾಳೆ. ಸಾಮಾನ್ಯ ನೋವಿನ ಮಾತ್ರೆ ಇದನ್ನು ಮುಟ್ಟುವುದೂ ಇಲ್ಲವಂತೆ. ನಿಧಾನವಾಗಿ ಏರಿಸಬೇಕು, ತಲೆ ಸುತ್ತುತ್ತದೆ, ಇದನ್ನು ನುಂಗಿ ಬಸ್ಸು ಓಡಿಸುವಂತಿಲ್ಲ. ಒಳ್ಳೆಯದಾಯಿತು. ನುಂಗದಿದ್ದರೆ ಓಡಿಸಲಾರೆ, ನುಂಗಿದರೆ ಓಡಿಸಬಾರದು.

ಏಪ್ರಿಲ್ 20, ಈಸ್ಟರ್ ಭಾನುವಾರ

ಇವತ್ತು ಉದ್ದ ಬರೆಯಬೇಕು. 

ಊಟವಾದಮೇಲೆ ಹಸಿಂತಾ ಒಂದು ಹತ್ತಿಯ ಅಂಗಿ ತಂದು ನನ್ನ ಮಡಿಲಿಗೆ ಹಾಕಿದಳು. ಎಡಗಡೆ ಹೊಲಿಗೆ ಬಿಟ್ಟಿದ್ದಳು, ಉಳಿದ ಕಡೆ ಹೊಲಿಗೆಯ ಮಡಿಕೆಯನ್ನೆಲ್ಲ ಹೊರಗೆ ತೆಗೆದಿದ್ದಳು. ಹಾಕಿಕೊಂಡೆ. ಮಾರ್ಚಿನಿಂದ ಈಚೆಗೆ ಮೈಮೇಲೆ ಬಟ್ಟೆಯಿದ್ದೂ ನೆಮ್ಮದಿಯಾಗಿದ್ದದ್ದು ಇದೇ ಮೊದಲು. ಹೊಲಿಗೆ ಹೊರಗಿರಬೇಕೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಒಳಗಿದ್ರೆ ಕಚ್ಚುತ್ತೆ," ಎಂದಳು. "ಬಟ್ಟೇನಾದ್ರೂ ತಡ್ಕೋಬೋದು. ಹೊಲಿಗೆ ತಡ್ಕೊಳಕ್ಕಾಗಲ್ಲ."

ತಡೆದುಕೊಳ್ಳಬಹುದಾಗಿತ್ತು ಎನ್ನಲಿಲ್ಲ. ಬಹುದು ಎಂದಳು. ಆಗ ನಾನು ಅವಳ ಭುಜ ನೋಡಿದೆ. ಚಳಿಯಿರಲಿ ಸೆಕೆಯಿರಲಿ ಅವಳ ರವಿಕೆಯ ಎಡಗಡೆ ಯಾವಾಗಲೂ ಜಾರಿಯೇ ಇರುತ್ತದೆ, ಒಂದು ಪಿನ್ನಿನಲ್ಲಿ ಸಿಕ್ಕಿಸಿರುತ್ತಾಳೆ. ಮುದುಕಿಯ ಅಸಡ್ಡೆ ಎಂದುಕೊಂಡಿದ್ದೆವು. ಮಂಚವಿದ್ದರೂ ಹಜಾರದ ಕುರ್ಚಿಯಲ್ಲೇ ಕೂತು ನಿದ್ದೆ ಮಾಡುತ್ತಾಳೆ. ಟಿವಿಯ ಹುಚ್ಚು ಎಂದುಕೊಂಡಿದ್ದೆವು.

ಇನ್ನೂ ಇದೆಯಾ ಎಂದು ಕೇಳಿದೆ. ಇದೆ ಎಂದಳು. ಇಪ್ಪತ್ತು ವರ್ಷದ ಮೇಲಾಯಿತಂತೆ. ಮಾವ ತೀರಿಕೊಂಡ ಮುಂದಿನ ಬೇಸಿಗೆಯಲ್ಲಿ ಹಾವು ಭುಜಕ್ಕೆ ಬಂತು. ರಮೋನಾಳ ತಾಯಿ ಶಾಯಿ ಬರೆದಳು, ಗುಳ್ಳೆ ಹೋಯಿತು, ಉರಿ ಹೋಗಲಿಲ್ಲ. ಡಾಕ್ಟರ ಹತ್ತಿರ ಹೋದಳು. ಅವನು ಭುಜ ನೋಡಿ, ಏನೂ ಇಲ್ಲವಲ್ಲ, ಗಂಡ ಹೋದ ದುಃಖ ಅಮ್ಮಾ, ಜಪಮಾಲೆ ಹಿಡಿಯಿರಿ ಎಂದ. ರುಬೆನ್‌ಗೆ ಹೇಳಿದಳು. ಡಾಕ್ಟರಿಗೆ ಗೊತ್ತಿರುತ್ತದಮ್ಮಾ ಎಂದ. ಇನ್ನೊಮ್ಮೆ ಹೇಳಿದಾಗ ಅವನು ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರು ಕೇಳಿದಮೇಲೆ ಹೇಳುವುದನ್ನು ಬಿಟ್ಟಳು.

"ಮತ್ತೆ ಜಪಮಾಲೆ?" ಎಂದೆ.

"ಹಿಡ್ದೆ. ದೇವ್ರಿಗೂ ಅಷ್ಟೇ, ಕೇಳಿ ಕೇಳಿ ಸಾಕಾಗಿರ್ಬೇಕು."

ಇದನ್ನು ಅವಳು ಮೇಜಿನ ಮೇಲಿನ ಬ್ರೆಡ್ಡಿನ ಪುಡಿ ಒರೆಸುತ್ತಾ ಹೇಳಿದಳು. ಮಳೆ ಬಂದಿತ್ತು ಎನ್ನುವ ಹಾಗೆ.

ಜಪಮಾಲೆಯಂತೆ. ನಾನು ಆ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಿದ್ದೆ, ಅವನು ಬದುಕಿದ್ದರೆ. ಮೆಣಸಿನ ನೀರನ್ನು ಭುಜಕ್ಕೆ ಹಚ್ಚಿ, ಅದರ ಮೇಲೆ ಉಣ್ಣೆಯ ಕೋಟು ತೊಡಿಸಿ, ಈಗ ಹಿಡಿಯಪ್ಪಾ ಜಪಮಾಲೆ ಎನ್ನುತ್ತಿದ್ದೆ. ಒಬ್ಬ ಹೆಂಗಸು ಇಪ್ಪತ್ತು ವರ್ಷ ಕೂತು ನಿದ್ದೆ ಮಾಡಿದ್ದಾಳೆ. ಈ ಮನೆಯಲ್ಲಿ ಯಾರಿಗೂ ಕಣ್ಣಿರಲಿಲ್ಲವೇ? ರುಬೆನ್‌ಗೆ ಇರಲಿಲ್ಲ. ಅವನ ತಮ್ಮನಿಗೆ ಇರಲಿಲ್ಲ, ಕ್ರಿಸ್ಮಸ್ಸಿಗೆ ಬಂದು ತಿಂದು ಹೋಗುತ್ತಿದ್ದ. ಸ್ವಂತ ಗಂಡುಮಕ್ಕಳು. ಹೆತ್ತ ತಾಯಿ ಯಾಕೆ ಮಂಚದಲ್ಲಿ ಮಲಗುವುದಿಲ್ಲ ಎಂದು ಒಬ್ಬನೂ ಕೇಳಲಿಲ್ಲ.

ಏಪ್ರಿಲ್ 29, ಮಂಗಳವಾರ

ಹಸಿಂತಾ ಆರೋಗ್ಯ ಕೇಂದ್ರಕ್ಕೆ ಬರುವುದಿಲ್ಲವಂತೆ. ಎಂಬತ್ನಾಲ್ಕಕ್ಕೆ ಇನ್ನೇನು ಎನ್ನುತ್ತಾಳೆ. ಎಂಬತ್ನಾಲ್ಕು ಆದವರಿಗೆ ಭುಜ ಇರುವುದಿಲ್ಲವೇ ಎಂದು ಕೇಳಿದೆ. ಟಿವಿಯ ಸದ್ದು ಏರಿಸಿದಳು. ಹೋಗಿ ಪ್ಲಗ್ಗನ್ನೇ ಕಿತ್ತೆ.

ಮೇ 6, ಮಂಗಳವಾರ

ಗೆದ್ದೆ. ಬೆಳಗ್ಗೆ ಅತ್ತೆಯನ್ನು ಟ್ರಾಲಿಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವರ ಎಡಭುಜಕ್ಕೆ ಜನ ಒರಸಿಕೊಂಡು ಹೋಗದಿರಲಿ ಎಂದು ಕಿಟಕಿಯ ಪಕ್ಕ ಕೂರಿಸಿ ನಾನು ಓಡಾಟದ ಬದಿಗೆ ಕೂತೆ. ಓಡಿಸುತ್ತಿದ್ದ ಹೊಸ ಹುಡುಗಿ ತಿರುವುಗಳಲ್ಲಿ ಕಟುಕರಂತೆ ತಿರುಗಿಸುತ್ತಾಳೆ. ಇಳಿಯುವಾಗ ಎರಡು ಮಾತು ಹೇಳಿದೆ.

ಸಬೀನಾ ಭುಜ ನೋಡಿದಳು, ಮುಟ್ಟುವ ಮೊದಲು ಅಪ್ಪಣೆ ಕೇಳಿದಳು. ಒಂದರಿಂದ ಹತ್ತರೊಳಗೆ ನೋವು ಎಷ್ಟಿದೆ ಎಂದು ಕೇಳಿದಳು.

"ಹತ್ತು ಅಂದ್ರೇನು? ಹೆರಿಗೆನಾ?" ಎಂದರು ಅತ್ತೆ.

"ಸರಿ, ಹೆರಿಗೆ ಹತ್ತು ಅಂತಿಟ್ಕೊಳ್ಳಿ."

"ಹೆರಿಗೆ ಒಂದ್ ದಿನಕ್ಕೆ ಮುಗೀತು ಕಣಮ್ಮಾ."

ಸಬೀನಾ ಪೆನ್ನು ಕೆಳಗಿಟ್ಟಳು.  ಆಮೇಲೆ, ಇದು ದುಃಖವಲ್ಲ, ನಿಮ್ಮ ಕಲ್ಪನೆಯೂ ಅಲ್ಲ, ಇದಕ್ಕೊಂದು ಹೆಸರಿದೆ, ಸರ್ಪಸುತ್ತಿನ ನಂತರ ಕೆಟ್ಟ ನರ ಉಳಿಸುವ ನೋವು, ವಯಸ್ಸಾದವರಲ್ಲಿ ಇದು ಹೆಚ್ಚು ಎಂದು ನಿಧಾನವಾಗಿ ಹೇಳಿದಳು. ಇಷ್ಟು ವರ್ಷದ್ದು ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ತಗ್ಗಿಸಲು ನೋಡೋಣ ಎಂದಳು. ನನಗೆ ಕೊಟ್ಟ ಮಾತ್ರೆಯನ್ನೇ ತೀರಾ ಸಣ್ಣ ಪ್ರಮಾಣದಲ್ಲಿ, ಬೀಳದ ಹಾಗೆ ಎಚ್ಚರದಿಂದ. ಜೊತೆಗೆ ಭುಜಕ್ಕೆ ಅಂಟಿಸುವ ಮರಗಟ್ಟಿಸುವ ಪಟ್ಟಿ. ಇಬ್ಬರೂ ಸುಧಾರಿಸಿಕೊಂಡ ಮೇಲೆ ಲಸಿಕೆಯನ್ನೂ ಹಾಕಿಸಿಕೊಳ್ಳಬೇಕು, ಒಮ್ಮೆ ಬಂದವರಿಗೆ ಮತ್ತೆ ಬರಬಾರದೆಂದೇನಿಲ್ಲ. ಇಂಥದ್ದೊಂದು ಲಸಿಕೆ ಇದೆ, ಐವತ್ತು ದಾಟಿದವರು ಹಾಕಿಸಿಕೊಳ್ಳಬಹುದು ಎಂದು ನನಗೆ ಇದುವರೆಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ದಿನಕ್ಕೆ ನೂರು ಸಲ ಬರುತ್ತದೆ.

ಬರುವಾಗ ಅತ್ತೆ ಒಂದೇ ಮಾತಾಡಿದರು. ಹೆಸರು ಇದೆಯಂತಲ್ಲ, ಎಂದರು.

ಮೇ 25, ಭಾನುವಾರ

ರಾಷ್ಟ್ರೀಯ ಹಬ್ಬ. ಹಬ್ಬದ ಗಟ್ಟಿ ಸಾರು ಲೋಕ್ರೋ ಮಾಡಿದೆವು. ಅತ್ತೆ ಜೋಳ, ಬೀನ್ಸು ನೆನೆಹಾಕಿದ್ದರು, ನಾನು ಕುಂಬಳಕಾಯಿ ಹೆಚ್ಚಿದೆ. ಇಬ್ಬರಿಗೂ ಮಾತ್ರೆಯ ಅಮಲು. ಉಪ್ಪು ಅವರೂ ಹಾಕಿದ್ದಾರೆ, ನಾನೂ ಹಾಕಿದ್ದೇನೆ. ನೊಯೆಮಿ ಒಂದು ಚಮಚ ಬಾಯಿಗಿಟ್ಟು ಎದ್ದುಹೋಗಿ ನೀರು ಕುಡಿದಳು. ಈ ಮನೆಯಲ್ಲಿ ಇಬ್ಬರು ಹಾವಿಗೆ ಬಲಿಯಾಗಲಿಲ್ಲ, ಮೂರನೆಯವಳು ಲೋಕ್ರೋಗೆ ಬಲಿಯಾಗುತ್ತಾಳೆ ಎಂದಳು. ಅತ್ತೆ ಎರ‍ಡು ತಟ್ಟೆ ತಿಂದರು, ಹಟಕ್ಕೆ.

ನನ್ನ ಉರಿ ಬೆಳಗ್ಗೆ ಕಡಿಮೆ, ಸಂಜೆ ಜಾಸ್ತಿ. ಅವರದು ಸ್ವಲ್ಪ ತಗ್ಗಿದೆ ಎನ್ನುತ್ತಾರೆ. ನನ್ನನ್ನು ಸಮಾಧಾನಪಡಿಸಲು ಹೇಳುತ್ತಾರೋ ಏನೋ. ಸುಳ್ಳು ಹೇಳಿದರೆ ಡಾಕ್ಟರಿಗೆ ನಿಜ ಗೊತ್ತಾಗುವುದಾದರೂ ಹೇಗೆ ಎಂದು ಗದರಿಸಿದ್ದೇನೆ.

ಜೂನ್ 11, ಬುಧವಾರ

ವೈದ್ಯಮಂಡಳಿ. ನಾನು ಎಲ್ಲ ಹಾಳುಮಾಡಿಕೊಂಡೆ.

ನೊಯೆಮಿ ವಾರವೆಲ್ಲ ಕೂರಿಸಿ ಹೇಳಿಕೊಟ್ಟಿದ್ದಳು. ಯಾವಾಗ ಶುರುವಾಯಿತು, ಮೊದಲನೇ ಡಾಕ್ಟರು ಏನಂದ, ಬೆಲ್ಟು, ಬ್ರೇಕು, ಯಾವ ಮಾತ್ರೆ. ದನಿ ಏರಿಸಬೇಡ, ಅಳಬೇಡ, ನಿನ್ನ ವಿಷಯ ಬಿಟ್ಟು ಬೇರೇನೂ ಮಾತಾಡಬೇಡ. ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಮೂವರಿದ್ದರು. ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಅಂಗಿ ಎತ್ತಿ ತೋರಿಸಿದೆ.

"ಚರ್ಮ ಪೂರ್ತಿ ವಾಸಿಯಾಗಿದೆಯಲ್ಲ," ಎಂದ ನಡುವೆ ಕೂತವನು. ಆಗಿದೆ ಎಂದೆ. "ಅಂದ್ರೆ ನೋವು ಇದೆ ಅನ್ನೋದನ್ನ ನಾವು ಬರೀ ನಿಮ್ಮ ಮಾತಿನ ಮೇಲೆ ನಂಬಬೇಕು."

ನೊಯೆಮಿ ಹೇಳಿಕೊಟ್ಟದ್ದೆಲ್ಲ ಮರೆತುಹೋಯಿತು.

"ಹೌದು, ನಂಬ್ಬೇಕು," ಎಂದೆ. "ಹೊರಗೆ ಬೆಂಚಿನ ಮೇಲೆ ಒಬ್ರು ಕೂತಿದ್ದಾರೆ. ಅವರ ಮಾತನ್ನ ಯಾರೂ ನಂಬ್ಲಿಲ್ಲ. ಅವರ ಚರ್ಮಾನೂ ವಾಸಿಯಾಗಿತ್ತು. ನಿಮ್ಮಂಥೋರೊಬ್ರು ಜಪಮಾಲೆ ಹಿಡ್ಕೊ ಅಂತ ಕಳಿಸಿದ್ರು. ಇಪ್ಪತ್ತು ವರ್ಷ ಕುರ್ಚಿಲಿ ಕೂತು ಮಲಗಿದ್ದಾರೆ. ಒಂದ್ ಸಲ, ಒಂದೇ ಒಂದ್ ಸಲ ಯಾರಾದ್ರೂ ನಂಬಿದ್ರೆ ಸಾಕಾಗಿತ್ತು."

"ಅವರ್ಯಾರು? ನಮ್ಮ ಕಂಪನಿಯೋರಾ?"

"ನಮ್ಮನೆ ಹಿರಿಯೋರು."

ಅದು ಇಲ್ಲಿಗೆ ಸಂಬಂಧಿಸಿದ ವಿಷಯವಲ್ಲ ಎಂದ ಅವನು. ಹೇಗೆ ಸಂಬಂಧವಿಲ್ಲ ಎಂದು ಇನ್ನೂ ಜೋರಾಗಿ ಶುರುಮಾಡಿದೆ. ಅಷ್ಟು ಹೊತ್ತು ಸುಮ್ಮನಿದ್ದ ಹೆಂಗಸು ಎದ್ದು ಬಂದಳು. ಕಣ್ಣು ಮುಚ್ಚಿಕೊಳ್ಳಲು ಹೇಳಿ ಒಂದು ಎಳೆ ಹತ್ತಿಯಿಂದ ಬಲಪಕ್ಕೆಯನ್ನು ಮುಟ್ಟಿದಳು, ಏನೂ ಆಗಲಿಲ್ಲ. ಎಡಪಕ್ಕೆಯನ್ನು ಮುಟ್ಟಿದಳು. ನಾನು ಕುರ್ಚಿಯನ್ನು ಬೀಳಿಸಿಕೊಂಡು ಎದ್ದುಬಿಟ್ಟೆ. ಬರೇ ಹತ್ತಿ ಅದು, ಎಂದಳು ಆಕೆ ಉಳಿದಿಬ್ಬರ ಕಡೆ ತಿರುಗಿ. 

ಬಾಗಿಲು ತೆರೆದರೆ ಅತ್ತೆ ಎದ್ದು ನಿಂತಿದ್ದರು. ಆ ಗೋಡೆಗಳು ಕಾಗದದ್ದಿರಬೇಕು.

"ಅಷ್ಟು ಜೋರಾಗಿ ಹೇಳ್ಬೇಕಿತ್ತಾ? ಬೀದಿಗೆಲ್ಲ ಗೊತ್ತಾಯ್ತು," ಎಂದರು. ಆಮೇಲೆ ನನ್ನ ಬಲಗಡೆಗೆ ಬಂದು ತೋಳು ಹಿಡಿದುಕೊಂಡರು. ಬಸ್ ನಿಲ್ದಾಣ ಬಂದರೂ ಬಿಡಲಿಲ್ಲ.

ನೊಯೆಮಿಗೆ ಯಾವ ಮುಖ ತೋರಿಸಲಿ? ನನ್ನ ಬೆಲ್ಟಿನ ವಿಷಯವೇ ಹೇಳಲಿಲ್ಲ ನಾನು.

ಜೂನ್ 27, ಶುಕ್ರವಾರ

ಮಂಡಳಿಯ ತೀರ್ಮಾನ ಬಂತು. ನರದ ನೋವು ಎಂದು ಒಪ್ಪಿದ್ದಾರೆ. ಸೆಪ್ಟೆಂಬರಿನ ವಸಂತದವರೆಗೆ ಬಸ್ಸು ಓಡಿಸುವಂತಿಲ್ಲ, ಡಿಪೋದಲ್ಲಿ ಹೊಸ ಹುಡುಗಿಯರಿಗೆ ತರಬೇತಿ ಕೊಡಬೇಕು, ಆಮೇಲೆ ಮತ್ತೆ ನೋಡುತ್ತಾರೆ. ನೊಯೆಮಿ ಕುಣಿದಾಡಿದಳು. ನನಗೆ ಕುಣಿಯುವಂಥದ್ದೇನೂ ಕಾಣಲಿಲ್ಲ. ಇದ್ದದ್ದನ್ನು ಇದೆ ಎಂದು ಬರೆಯಲು ಇವರಿಗೆ ನಮ್ಮೂರ ಜೂನ್ ಚಳಿಗಾಲ ಬರಬೇಕಾಯಿತು.

ಓಲ್ಮೋಸ್ ಕೈಕುಲುಕಲು ಬಂದ. ನಿನ್ನ ಅತ್ತಿಗೆಯನ್ನು ಸಬೀನಾ ಹತ್ತಿರ ಕಳಿಸು ಎಂದೆ. ಕೇಂದ್ರದ ವಿಳಾಸವನ್ನು ಅವನ ಕೈಮೇಲೇ ಬರೆದೆ, ಕಾಗದವಾದರೆ ಕಳೆದುಹಾಕುತ್ತಾನೆ.

ಜುಲೈ 19, ಶನಿವಾರ

ಬೆಳಗ್ಗೆ ಡಿಪೋದಲ್ಲಿ ಹೊಸ ಹುಡುಗಿಯರಿಗೆ ಕಂಬಿ ಕಳಚಿದರೆ ಹಗ್ಗ ಹಿಡಿಯುವುದು ಹೇಗೆಂದು ತೋರಿಸಿದೆ. ಎಡಗೈ ಎತ್ತಲಾಗುವುದಿಲ್ಲ, ಬಲಗೈಯಲ್ಲಿ ತೋರಿಸಿದೆ. ಉರಿ ಇದೆ. ಮೊದಲಿನ ಹಾಗಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಜಗಳವಾಡುತ್ತಿರುವ ಹಾಗೆ.

ಮನೆಗೆ ಬಂದಾಗ ಹಜಾರದ ಕುರ್ಚಿ ಖಾಲಿಯಿತ್ತು. ಚೀಲವನ್ನು ಅಲ್ಲೇ ಬಿಸಾಡಿದೆ. ಹೋಗಿ ನೋಡಿದರೆ ಕೋಣೆಯಲ್ಲಿ, ಮಂಚದ ಮೇಲೆ, ಉದ್ದಕ್ಕೆ ಕಾಲು ಚಾಚಿ ಮಲಗಿದ್ದರು. ಎಡಮಗ್ಗುಲಿಗಲ್ಲ, ಅಂಗಾತ. ಆದರೆ ಭುಜ ಹಾಸಿಗೆಗೆ ತಾಗಿತ್ತು. ಬಾಯಿ ತೆರೆದಿತ್ತು. ಲಾರಿಯ ಹಾಗೆ ಗೊರಕೆ. ಬಾಗಿಲಲ್ಲಿ ನಿಂತು ನೋಡಿದೆ, ಅಡಿಗೆಮನೆಗೆ ಹೋದೆ, ಮತ್ತೆ ಬಂದು ನೋಡಿದೆ.

ಆಗ ಬೀದಿಯ ಆ ತುದಿಯಿಂದ ಹಳೇ ಸಾಮಾನು ಕೊಳ್ಳುವವನ ವ್ಯಾನು ಶುರುವಾಯಿತು. ಹಳೇ ಫ್ರಿಜ್ಜು, ಹಳೇ ಬ್ಯಾಟರಿ, ಹಳೇ ಹಾಸಿಗೆ ಕೊಳ್ಳುತ್ತೇವೆ ಎಂದು ಮೈಕಿನಲ್ಲಿ ಊರಿಗೇ ಕೇಳಿಸುವ ಹಾಗೆ. ಶನಿವಾರ ಮಧ್ಯಾಹ್ನ, ಇಡೀ ಊರು ಮಲಗುವ ಹೊತ್ತು. ಚಪ್ಪಲಿಯಲ್ಲೇ ಓಡಿದೆ. ಬೀದಿಯ ನಡುವೆ ನಿಂತು ಎರಡೂ ಕೈ, ಆ ಎಡಗೈಯನ್ನೂ, ಎತ್ತಿ ವ್ಯಾನನ್ನು ತಡೆದೆ. ಅವನು ಬ್ರೇಕು ಹಾಕಿ ಕಿಟಕಿಯಿಂದ ತಲೆ ಹೊರಹಾಕಿದ.

"ಏನಮ್ಮಾ, ಯಾರಾದ್ರೂ ಸತ್ರಾ?"

"ಮೈಕ್ ಆರಿಸು," ಎಂದೆ. "ನಮ್ಮಮ್ಮ ಮಲಗಿದ್ದಾರೆ."

ಗೊಣಗಿದ, ಆದರೆ ಆರಿಸಿದ. ನಮ್ಮ ಬೀದಿ ದಾಟುವ ತನಕ ಅವನ ವ್ಯಾನಿನ ಪಕ್ಕದಲ್ಲೇ ನಡೆದು ಹೋದೆ, ನಂಬಿಕೆಯಿಲ್ಲ ಇಂಥವರ ಮೇಲೆ. ತಿರುವಿನಾಚೆ ಹೋಗಿ ಮತ್ತೆ ಹಾಕಿಕೊಂಡ. ಮಧ್ಯಾಹ್ನದ ಹೊತ್ತು ಮೈಕು ಹಾಕುವವರಿಗೆ ದಂಡ ಹಾಕುವ ಕಾನೂನು ಈ ಊರಿನಲ್ಲಿ ಇಲ್ಲವೇ? ಸೋಮವಾರ ನಗರಸಭೆಗೆ ಹೋಗಿ ಕೇಳುತ್ತೇನೆ. ಮೇಜಿನ ಆಚೆ ಯಾರೇ ಕೂತಿರಲಿ, ಕೇಳದೆ ಬಿಡುವುದಿಲ್ಲ.